ಬುತ್ತಿಯಿಲ್ಲದ ಹನ್ನೆರಡು ಗಂಟೆ

ನಲ್ಲಿಯಲ್ಲಿ ನೀರು ಬರುವ ಹಾಗೆ ಗೋಡೆಯಲ್ಲಿ ತಂಪು ಬಂದರೆ ಹೇಗಿರುತ್ತದೆ ಎಂದು ನಾನು ಚಿಕ್ಕವನಿದ್ದಾಗ ಯಾರಾದರೂ ಕೇಳಿದ್ದರೆ ಸ್ವರ್ಗ ಎಂದುಬಿಡುತ್ತಿದ್ದೆ. ಈಗ ಬರುತ್ತದೆ. ಸ್ವರ್ಗಕ್ಕೂ ಒಂದು ಕಚೇರಿ ಇರುತ್ತದೆ, ಆ ಕಚೇರಿಗೊಬ್ಬ ಅಧೀಕ್ಷಕ ಇರುತ್ತಾನೆ, ಅವನ ಮೇಜಿನ ಮೇಲೆ ಒಂದು ನಮೂನೆ ಇರುತ್ತದೆ ಎನ್ನುವುದು ಆಗ ಗೊತ್ತಿರಲಿಲ್ಲ.

ನಮ್ಮ ಸುಣ್ಣಗಲ್ಲು ಎರಡು ಹೊಳೆಗಳ ನಡುವಿನ ಊರು. ಮೊದಲೇ ಬಿಸಿಲ ನಾಡು. ಈಗಂತೂ ಯುಗಾದಿ ಕಳೆದರೆ ಮೂರು ತಿಂಗಳು ಮಧ್ಯಾಹ್ನ ನಲವತ್ತೆಂಟು ಡಿಗ್ರಿ. ಅದಕ್ಕೇ ಗುಡ್ಡದ ಬುಡದಲ್ಲಿ ತಂಪು ಸ್ಥಾವರ ಕಟ್ಟಿದರು. ಅಲ್ಲಿ ಉಪ್ಪುನೀರನ್ನು ಕೊರೆಯುವಷ್ಟು ತಣ್ಣಗೆ ಮಾಡಿ ಕೊಳವೆಗಳಲ್ಲಿ ಊರಿಗೆಲ್ಲ ಹರಿಸುತ್ತಾರೆ. ಪ್ರತಿ ಮನೆಯ ಗೋಡೆಯಲ್ಲಿ ಅಂಗೈ ಅಗಲದ ಒಂದು ವಾಲ್ವ್. ಅದಕ್ಕೆ ಕಿವಿ ಇದೆ, ಬಾಯಿ ಇಲ್ಲ. ತೆರೆ ಎಂದರೆ ತೆರೆಯುತ್ತದೆ, ಮುಚ್ಚು ಎಂದರೆ ಮುಚ್ಚುತ್ತದೆ. ತಾನು ಈಗ ಹೇಗಿದ್ದೇನೆ ಎಂದು ತಿರುಗಿ ಹೇಳುವುದಿಲ್ಲ. ಬಾಯಿ ಇರುವ ವಾಲ್ವ್ ದುಬಾರಿಯಂತೆ. ಊರಿನವರ ಬಾಯಿಯೇ ಬೇಡವಾದವರಿಗೆ ವಾಲ್ವಿನ ಬಾಯಿ ಯಾತಕ್ಕೆ ಬೇಕು?

ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಎಲ್ಲರಿಗೂ ಸಾಲುವಷ್ಟು ತಂಪು ಇರುವುದಿಲ್ಲ. ಆಗ ಒಂದು ಶೆಲ್ ಸ್ಕ್ರಿಪ್ಟ್ ಓಡುತ್ತದೆ. ಶೆಲ್ ಸ್ಕ್ರಿಪ್ಟ್ ಎಂದರೆ ಹೆದರಬೇಕಿಲ್ಲ. ಕಂಪ್ಯೂಟರಿಗೆ ಮೇಲಿನಿಂದ ಕೆಳಕ್ಕೆ ಸಾಲುಸಾಲಾಗಿ ಬರೆದಿಟ್ಟ ಅಪ್ಪಣೆಯ ಚೀಟಿ, ಅಷ್ಟೇ. ಅದು ಓಡುವುದು ಯೂನಿಕ್ಸ್ ಎಂಬ ಹಳೆಯ ವ್ಯವಸ್ಥೆಯಲ್ಲಿ, ಇನ್ನೂ ಗಟ್ಟಿಮುಟ್ಟಾಗಿದೆ. ಈ ಚೀಟಿ ಎಲ್ಲ ಮನೆಗಳ ವಾಲ್ವನ್ನೂ ಕಾಲು ಭಾಗಕ್ಕೆ ಇಳಿಸುತ್ತದೆ. ಅಷ್ಟರಲ್ಲಿ ಗೋಡೆ ತಣ್ಣಗಾಗುವುದಿಲ್ಲ, ತಂಪು ನಿಂತಂತೆಯೇ ಲೆಕ್ಕ. ನಲವತ್ತೊಂದು ಮನೆಗಳಿಗೆ ಮಾತ್ರ ವಿನಾಯಿತಿ. ಅಲ್ಲಿ ತಂಪು ನಿಂತರೆ ಜೀವ ನಿಲ್ಲುವವರು ಇದ್ದಾರೆ ಎಂದು ವೈದ್ಯರು ಬರೆದುಕೊಟ್ಟಿದ್ದಾರೆ.

ಇಂಥ ಚೀಟಿಗಳನ್ನು ನಾನು ವಿದ್ಯುತ್ ಸ್ಥಾವರದಲ್ಲಿ ಮೂವತ್ತೊಂದು ವರ್ಷ ಬರೆದಿದ್ದೇನೆ. ಹೆಸರು ಮಾಣಿಕಪ್ಪ. ನಿವೃತ್ತಿಯಾಗಿ ಹದಿನಾಲ್ಕು ವರ್ಷವಾಯಿತು. ಬಾಯಿ ಮಾತ್ರ ಇನ್ನೂ ಸೇವೆಯಲ್ಲಿದೆ ಎಂದು ಓಣಿಯವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ.

ನಮ್ಮ ಓಣಿಯಲ್ಲಿ ವಿನಾಯಿತಿ ಇದ್ದದ್ದು ಒಂದೇ ಮನೆಗೆ, ಖಡಕ್ ರೊಟ್ಟಿಯ ಸೂಗಮ್ಮನ ಮನೆಗೆ. ಅವಳ ಮಗಳು ಭಾಗ್ಯವಂತಿಗೆ, ನಮಗೆಲ್ಲ ಭಾಗಿ, ಹುಟ್ಟಿನಿಂದಲೇ ಬೆವರಿನ ಗ್ರಂಥಿಗಳಿಲ್ಲ. ನಾವು ದಿನವಿಡೀ ಬೆವರಿಗೆ ಬೈಯುತ್ತೇವೆ. ಅದು ಬರದಿದ್ದರೆ ಮೈಯ ಕಾವು ಹೊರಗೆ ಹೋಗುವ ದಾರಿಯೇ ಇಲ್ಲ. ಕೋಣೆ ಮೂವತ್ತಾರು ಡಿಗ್ರಿ ದಾಟಿದರೆ ಅವಳು ಒಳಗಿಂದಲೇ ಬೇಯತೊಡಗುತ್ತಾಳೆ. ಇಪ್ಪತ್ತೆರಡರ ಹುಡುಗಿ. ಫೋನಿನಲ್ಲೇ ಹತ್ತನೇ ತರಗತಿಯವರಿಗೆ ಗಣಿತ ಹೇಳಿಕೊಡುತ್ತಾಳೆ. ನಾಲಿಗೆ ಚೂಪು. ನನ್ನನ್ನು ಕಂಡರೆ, "ಕಾಕಾ, ನಿಮ್ಮ ಬನೀನ ನೋಡ್ರಿ, ಹಿಂಡಿದ್ರ ಒಂದು ಕೊಡ ಬರ್ತದ. ನನಗ ಒಂದು ಲೋಟ ಸಾಲಾ ಕೊಡ್ರಿ" ಎನ್ನುತ್ತಾಳೆ.

ಯುಗಾದಿ ಕಳೆದ ಎಂಟನೇ ದಿನ ಮಧ್ಯಾಹ್ನ ಸೂಗಮ್ಮ ಕೂಗಿದ್ದು ನನ್ನ ಮನೆಯವರೆಗೆ ಕೇಳಿಸಿತು. ಓಡಿದೆ. ಭಾಗಿ ನೆಲದ ಮೇಲೆ ಮಲಗಿದ್ದಳು. ಮುಖ ಕೆಂಡದಂತೆ, ಚರ್ಮ ಬಂಡೆಗಲ್ಲಿನಂತೆ ಒಣ. ಸೂಗಮ್ಮ ಕೊಡದ ನೀರನ್ನು ಅವಳ ಎದೆಯ ಮೇಲೆ ಸುರಿಯುತ್ತಿದ್ದಳು. ನಾನು ಗೋಡೆ ಮುಟ್ಟಿದೆ. ಗೋಡೆ ಬೆಚ್ಚಗಿತ್ತು.

"ತಂಪು ನಿಂತದ ಕಾಕಾ! ಎಂಟು ದಿನ ಆಯ್ತು, ಹನ್ನೆರಡು ಹೊಡೀತಂದ್ರ ನಿಂತಬಿಡ್ತದ. ಇವತ್ತ ಹುಡುಗಿ ಮಾತೇ ಆಡ್ಲಿಲ್ಲ ನೋಡ್ರಿ!"

"ದೂರು ಕೊಟ್ಟೀ ಇಲ್ಲ?"

"ಕೊಟ್ಟೀನ್ರಿ. ಮೊನ್ನೆ ಹೋಗಿ ಕೊಟ್ಟು ಬಂದೀನಿ. ಪರೀಕ್ಷಾ ಮಾಡೀವಿ, ನಿಮ್ಮ ಮನಿ ಪಟ್ಟಿಯಾಗದ, ತಂಪು ಬರ್ತದ, ಸುಳ್ಳು ದೂರು ಅಂತ ಬರ್ದು ಕಳಿಸ್ಯಾರ."

ಅರ್ಧ ಗಂಟೆಯ ಮೇಲೆ ಭಾಗಿ ಕಣ್ಣು ಬಿಟ್ಟಳು. ಬಿಟ್ಟವಳೇ ಕೈಯಾಡಿಸಿ ಹುಡುಕಿದ್ದು ತನ್ನ ನೋಟ್‌ಬುಕ್ಕನ್ನು. "ಎಷ್ಟಾಗ್ಯದ ನೋಡು ಯವ್ವಾ, ಗೋಡಿ ಥರ್ಮಾಮೀಟರ್ ನೋಡು, ಬರೀಬೇಕು." ಮೂವತ್ತೊಂಬತ್ತೂವರೆ. ತಾನೇ ಬರೆದಳು. ಅಕ್ಷರಗಳು ಒಂದರ ಮೇಲೊಂದು ಬಿದ್ದಿದ್ದವು.

ಮರುದಿನ ಎರಡನೇ ದೂರು ಕೊಡಲು ನಾನೂ ಸೂಗಮ್ಮನ ಜೊತೆ ಹೋದೆ. ತಂಪು ಸ್ಥಾವರದ ನಿಯಂತ್ರಣ ಕೋಣೆಯ ಬಾಗಿಲು ತೆರೆದರೆ ಮುಖಕ್ಕೆ ಹಿಮದಂಥ ಗಾಳಿ. ಇಪ್ಪತ್ತೆರಡು ಡಿಗ್ರಿ. ಅಧೀಕ್ಷಕ ಪಂಚಾಕ್ಷರಿ ಸ್ವೆಟರ್ ಹಾಕಿಕೊಂಡು ಕೂತಿದ್ದ. ದೇವರಾಣೆ, ನಮ್ಮೂರಿನಲ್ಲಿ, ಬೇಸಿಗೆಯಲ್ಲಿ, ಸ್ವೆಟರ್! ಅವನ ಹಿಂದೆ ಗೋಡೆಯ ಮೇಲೆ ಹೊಸದೊಂದು ಫಲಕ: ಮಾನವ ಹಸ್ತಕ್ಷೇಪವಿಲ್ಲದ ಮೊದಲ ತಂಪು ಕೇಂದ್ರ.

ಸ್ಥಾವರ ನಡೆಸುವ ಮಂಡಳಿಯ ಪದ್ಧತಿ ಹೀಗೆ. ದೂರು ಬಂದರೆ ಬೆಳಿಗ್ಗೆ ಹನ್ನೊಂದಕ್ಕೆ ದೂರುದಾರರ ಎದುರಿಗೇ ಆಪರೇಟರ್ ಸ್ಕ್ರಿಪ್ಟನ್ನು ಕೈಯಿಂದ ಓಡಿಸಿ ತೋರಿಸಬೇಕು. ಅದು ಪರೀಕ್ಷೆಯ ಓಟ: ಏನು ಮಾಡುತ್ತೇನೆ ಎಂದು ಹೇಳುತ್ತದೆ, ಮಾಡುವುದಿಲ್ಲ. ಪರದೆಯ ಮೇಲೆ ಮನೆ ವಿನಾಯಿತಿಯಲ್ಲಿ ಕಂಡರೆ ದೂರು ಸುಳ್ಳು. ಮೂರು ಸುಳ್ಳು ದೂರಾದರೆ ವಿನಾಯಿತಿ ರದ್ದು. ಈ ಮೂರು ದೂರಿನ ಕಲಮನ್ನು ಬರೆದವನ ಮನೆಗೆ ಒಂದು ದಿನ ನಮ್ಮ ಬಿಸಿಲು ಹೋಗಿ ಕೂರಬೇಕು.

ಆಪರೇಟರ್ ಜಬೀನ್ ಎಂಬಾಕೆ, ನಲವತ್ತರ ಹೆಂಗಸು, ಆರು ವರ್ಷದಿಂದ ಅಲ್ಲೇ ಇದ್ದಾಳೆ. ಕೀಲಿಮಣೆಯ ಮೇಲೆ ನಾಲ್ಕು ಬೆರಳು ಆಡಿಸಿದಳು. ಪರದೆಯಲ್ಲಿ ಮೂಡಿತು: ವಿನಾಯಿತಿ ಮನೆಗಳು ನಲವತ್ತೊಂದು. ಹದಿನೇಳನೆಯದು ಸೂಗಮ್ಮ.

"ಬಂತಲ್ಲವಾ, ನೋಡ್ಕೊ," ಎಂದ ಪಂಚಾಕ್ಷರಿ. "ಮನ್ಯಾಗ ರೊಟ್ಟಿ ಸುಡ್ತೀರಿ, ಹಗಲೆಲ್ಲ ಒಲಿ ಉರಸ್ತೀರಿ, ಆಮ್ಯಾಲ ತಂಪು ಬರ್ಲಿಲ್ಲ ಅಂತೀರಿ."

"ಮುಂಜಾನಿ ಎಂಟು ಗಂಟೇಕ್ಕ ಒಲಿ ಆರಸ್ತೀನ್ರಿ ಸಾಹೇಬ್ರ," ಎಂದಳು ಸೂಗಮ್ಮ. "ಹೊಟ್ಟಿಪಾಡಿಗಿ ಸುಡ್ತೀನಿ, ಮಗಳನ್ನ ಸುಡ್ಲಿಕ್ಕಲ್ಲ."

ನಾನು ಭಾಗಿಯ ನೋಟ್‌ಬುಕ್ ಮುಂದಿಟ್ಟೆ. ಹತ್ತು ನಿಮಿಷಕ್ಕೊಂದರಂತೆ ಬರೆದ ಕೋಣೆಯ ಉಷ್ಣಾಂಶ. ಅವನು ಅದನ್ನು ತೆರೆಯಲೂ ಇಲ್ಲ.

"ಇದು ಖಾಸಗಿ ದಾಖಲೆ ಯಜಮಾನ್ರ. ನಮ್ಮದು ಪರದೆ."

"ಪರದೆ ಹನ್ನೊಂದು ಗಂಟೇದ ಹೇಳ್ತದ. ಹುಡುಗಿ ಬೀಳೂದು ಹನ್ನೆರಡಕ್ಕ. ಹನ್ನೆರಡಕ್ಕ ನಮ್ಮನ್ನ ಇಲ್ಲಿ ನಿಲ್ಲಸ್ರಿ."

"ಹನ್ನೊಂದೂವರಿ ಮ್ಯಾಲ ಸಾರ್ವಜನಿಕರಿಗಿ ಪ್ರವೇಶ ಇಲ್ಲ," ಎಂದು ಅವನು ಮೊಹರಿನ ಠಸ್ಸೆ ಎತ್ತಿ ಹೊಡೆದ. ಎರಡನೆಯ ಸುಳ್ಳು ದೂರು.

ಮನೆಗೆ ಬರುವ ದಾರಿಯುದ್ದಕ್ಕೂ ನಾನು ಬೈಯುತ್ತಾ ಬಂದೆ. ಆಮೇಲೆ ಬೈಗುಳ ಮುಗಿಯಿತು, ನೋಟ್‌ಬುಕ್ ಉಳಿಯಿತು. ಸೂಗಮ್ಮನ ಪಡಸಾಲೆಯಲ್ಲಿ ಕೂತು ಮೊದಲ ಪುಟದಿಂದ ಓದಿದೆ. ಭಾಗಿ ಒದ್ದೆ ಸೀರೆ ಸುತ್ತಿಕೊಂಡು ಎದುರಿಗೆ ಗೋಡೆಗೆ ಒರಗಿದ್ದಳು.

"ಕಾಕಾ, ಒಂದು ನೋಡ್ರಿ. ಯುಗಾದಿಗಿ ಮುಂಚೆ ತಂಪು ಒಂದಿನಾನೂ ನಿಂತಿಲ್ಲ. ನನಗಷ್ಟೇ ಅಲ್ಲ, ಇದನ್ನೂ ನೋಡ್ರಿ. ಬಾಜೂ ಮನಿಯವರಿಗಿ ಕಾಲು ಭಾಗ ಆಗೂ ವ್ಯಾಳ್ಯಾ ಬರ್ದೀನಿ. ಆಗ ಒಂದಿನ ಹನ್ನೆರಡೂ ಎರಡು, ಒಂದಿನ ಹನ್ನೆರಡೂ ಏಳು, ಒಂದಿನ ಹನ್ನೊಂದೂ ಐವತ್ತೆಂಟು. ಯುಗಾದಿ ಆದ ಮ್ಯಾಲ ದಿನಾ ಹನ್ನೆರಡಕ್ಕ ಕರೆಕ್ಟ್. ಒಂದು ಸೆಕೆಂಡ್ ಆಕಡಿ ಈಕಡಿ ಇಲ್ಲ."

ನನ್ನ ತಲೆಯಲ್ಲಿ ಏನೋ ಕಡಕ್ ಎಂದಿತು. ಎರಡು, ಏಳು, ಐವತ್ತೆಂಟು: ಅದು ಮನುಷ್ಯರ ಕೈ. ಊಟದ ಡಬ್ಬಿ ಮುಚ್ಚಿ ಬಂದು ಒತ್ತುವ ಕೈ. ಈಗ ಒತ್ತುತ್ತಿರುವುದು ಗಡಿಯಾರ. ಆ ಫಲಕ! ಮಾನವ ಹಸ್ತಕ್ಷೇಪವಿಲ್ಲದ ಕೇಂದ್ರ!

"ಏನಾತ್ರಿ ಕಾಕಾ? ಬಾಯಿ ತೆಗದು ಹಂಗೇ ಕುಂತೀರಿ."

"ತಂಗಿ, ನಿಮ್ಮವ್ವ ನಿನ್ನನ್ನ ಊರಿಗಿ ಕಳಿಸಬೇಕಾದ್ರ ಏನ್ ಮಾಡ್ತಾಳ?"

"ಬುತ್ತಿ ಕಟ್ತಾಳ. ನಾಲ್ಕು ದಿನದ್ದು."

"ಹಾಂ. ಕಂಪ್ಯೂಟರಿನ್ಯಾಗೂ ಹಂಗೇ."

ಅವಳಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಆಪರೇಟರ್ ತನ್ನ ಹೆಸರಿನಿಂದ ಕಂಪ್ಯೂಟರ್ ಒಳಗೆ ಹೋದಾಗ ಅವಳದೇ ಒಂದು ಸಂಸಾರ ತೆರೆದುಕೊಳ್ಳುತ್ತದೆ. ಅದನ್ನು ಶೆಲ್ ಎನ್ನುತ್ತಾರೆ. ಅವಳು ಮೊದಲೇ ಬರೆದಿಟ್ಟ ಸಣ್ಣ ವಿಷಯಗಳು, ಯಾವ ಕಡತ ಎಲ್ಲಿದೆ, ಯಾವುದಕ್ಕೆ ಏನು ಹೆಸರು, ಎಲ್ಲ ಅಲ್ಲಿ ಸಿದ್ಧವಾಗಿರುತ್ತವೆ. ಆ ಸಂಸಾರದಿಂದ ಒಂದು ಸ್ಕ್ರಿಪ್ಟ್ ಕೆಲಸಕ್ಕೆ ಹೊರಟರೆ, ತಾಯಿಯಂಥ ಆ ಶೆಲ್ ಅವುಗಳ ನಕಲನ್ನು ಬುತ್ತಿ ಕಟ್ಟಿ ಕಳಿಸುತ್ತದೆ. ಎನ್ವಿರಾನ್‌ಮೆಂಟ್ ವೇರಿಯಬಲ್ ಎಂದರೆ ಈ ಬುತ್ತಿ. ಎಕ್ಸ್‌ಪೋರ್ಟ್ ಎಂಬ ಪದ ಬರೆದರೆ ಮಾತ್ರ ಬುತ್ತಿಗೆ ಸೇರುತ್ತದೆ. ಬರೆಯದಿದ್ದರೆ ಅಡುಗೆಮನೆಯಲ್ಲೇ ಉಳಿಯುತ್ತದೆ. ಆದರೆ ಅದೇ ಸ್ಕ್ರಿಪ್ಟನ್ನು ಕ್ರಾನ್ ಎಂಬ ಕಂಪ್ಯೂಟರಿನ ಗಡಿಯಾರ ಹೊರಡಿಸಿದರೆ? ಗಡಿಯಾರಕ್ಕೆ ಯಾವ ಸಂಸಾರ? ಅದು ಹೆತ್ತ ಕೂಸು ಬರಿಗೈಯಲ್ಲಿ ಹೊರಡುತ್ತದೆ. ವಿನಾಯಿತಿ ಪಟ್ಟಿ ಎಲ್ಲಿದೆ ಎನ್ನುವ ಮಾತು ಜಬೀನಳ ಬುತ್ತಿಯಲ್ಲಿದ್ದರೆ, ಹನ್ನೊಂದಕ್ಕೆ ಅವಳು ಓಡಿಸಿದಾಗ ಪಟ್ಟಿ ಸಿಗುತ್ತದೆ, ಹನ್ನೆರಡಕ್ಕೆ ಗಡಿಯಾರ ಓಡಿಸಿದಾಗ ಸಿಗುವುದಿಲ್ಲ. ಸಿಗದಿದ್ದರೆ ಸ್ಕ್ರಿಪ್ಟ್ ಅರಚಿಕೊಳ್ಳಬೇಕಿತ್ತು. ಬರೆದ ಪುಣ್ಯಾತ್ಮ ಅರಚುವ ಸಾಲನ್ನು ಬರೆದಿಲ್ಲ. ಪಟ್ಟಿ ಖಾಲಿ, ಆಯಿತು, ಎಲ್ಲರದೂ ಇಳಿಸು, ಮುಗಿಯಿತು ಎನ್ನುತ್ತದೆ.

ಭಾಗಿ ನನ್ನ ಕೈಯಿಂದ ನೋಟ್‌ಬುಕ್ ತೆಗೆದುಕೊಂಡಳು. "ಅಂದ್ರ ಅವರು ದಿನಾ ಪರೀಕ್ಷಾ ಮಾಡಿದ್ರೂ ದಿನಾ ಪಾಸ್ ಆಗ್ತದ."

"ಜೀವಮಾನ ಪೂರಾ ಪಾಸ್ ಆಗ್ತದ."

"ಮತ್ತ ಉಳಿದ ನಲವತ್ತು ಮನಿ?"

ಅವರೂ ದೂರು ಕೊಟ್ಟಿರುತ್ತಾರೆ, ಸುಳ್ಳುಗಾರರು ಅನ್ನಿಸಿಕೊಂಡಿರುತ್ತಾರೆ. ಇಲ್ಲವೇ ಎರಡು ಠಸ್ಸೆ ಬಿದ್ದ ಹೆದರಿಕೆಯಲ್ಲಿ ಮೂರನೆಯದನ್ನು ಕೊಡದೆ ಒದ್ದೆ ಬಟ್ಟೆ ಹೊದ್ದು ಮಲಗಿರುತ್ತಾರೆ.

"ಮೂರನೇದು ಕೊಡೂನು," ಎಂದಳು ಭಾಗಿ.

"ಬ್ಯಾಡವಾ!" ಸೂಗಮ್ಮ ಒಳಗಿನಿಂದ ಬಂದಳು. ಕೈಗೆಲ್ಲ ಜೋಳದ ಹಿಟ್ಟು. "ಪಟ್ಟಿಯಿಂದ ಹೆಸರು ಹೋದ್ರ ಆಮ್ಯಾಲ ಯಾವ ಗಡಿಯಾರ ರಿಪೇರಿ ಮಾಡಿದ್ರೂ ನಮಗ ತಂಪಿಲ್ಲ."

"ಈಗರ ಎಲ್ಲಿ ಅದ ಯವ್ವಾ?"

ಸೂಗಮ್ಮ ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು ಕೊಡ ತುಂಬಲು ಹೋದಳು.

ಮರುದಿನ, ಗುರುವಾರ, ಹತ್ತೂವರೆಗೆ ಭಾಗಿಯನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಆಟೋದಲ್ಲಿ ಕರೆದುಕೊಂಡು ಹೋದೆವು. ಸೂಗಮ್ಮ ದಾರಿಯಲ್ಲಿ ಎರಡು ಸಲ ಕೊಡದಿಂದ ನೀರು ಹನಿಸಿದಳು. ನಿಯಂತ್ರಣ ಕೋಣೆಯ ಹೊಳೆಯುವ ನೆಲದ ಮೇಲೆ ಗೋಣಿಯಿಂದ ನೀರು ತೊಟ್ಟಿಕ್ಕಿತು. ಪಂಚಾಕ್ಷರಿ ಮೊದಲು ನೋಡಿದ್ದು ನೆಲವನ್ನು.

"ಯಂತ್ರ ಅವ ಇಲ್ಲಿ!"

"ನಾನೂ ಇದ್ದೀನಲ್ರಿ," ಎಂದಳು ಭಾಗಿ.

ಹನ್ನೊಂದಕ್ಕೆ ಸರಿಯಾಗಿ ಜಬೀನ್ ಪರೀಕ್ಷೆ ಓಡಿಸಿದಳು. ನಲವತ್ತೊಂದು. ಪಂಚಾಕ್ಷರಿ ನಮೂನೆ ಎಳೆದುಕೊಂಡು, ಸುಳ್ಳು ದೂರು, ಮೂರು ಎಂದು ಬರೆದು ಠಸ್ಸೆ ಹೊಡೆದೇಬಿಟ್ಟ. ನಾನು ಬಾಯಿ ತೆರೆಯುವಷ್ಟೂ ಬಿಡಲಿಲ್ಲ.

ನಾನು ಅವನ ಕಡೆ ತಿರುಗಲೇ ಇಲ್ಲ. ಜಬೀನಳ ಹತ್ತಿರ ಹೋದೆ. "ಅವ್ವಾ, ಯುಗಾದಿಗಿಂತ ಮುಂಚೆ ಇದನ್ನ ದಿನಾ ಓಡಸ್ತಿದ್ದೋರು ಯಾರು?"

"ನಾನೇ ರೀ ಕಾಕಾ."

"ಪಟ್ಟಿ ಎಲ್ಲದ ಅನ್ನೂದನ್ನ ಎಲ್ಲಿ ಬರ್ದೀ? ಸ್ಕ್ರಿಪ್ಟಿನ್ಯಾಗೋ, ನಿನ್ನ ಲಾಗಿನ್ ಕಡತದಾಗೋ?"

ಅವಳು ನಗುತ್ತಲೇ ಉತ್ತರ ಶುರುಮಾಡಿದಳು. "ನನ್ನದ್ರಾಗೇ ರೀ. ದಿನಾ ಬರಿಯೂದು ಯಾಕ ಅಂತ ಒಮ್ಮೆ…" ಅಲ್ಲಿಗೆ ಮಾತು ನಿಂತಿತು. ಈ ಕೆಲಸ ಮಾಡಿದ ಯಾರಿಗಾದರೂ ಅಷ್ಟು ಸಾಕು. "ಯಾ ಅಲ್ಲಾ. ಕ್ರಾನಿಗಿ ಹಾಕುವಾಗ ನನ್ನನ್ನ ಯಾರೂ ಕೇಳ್ಲಿಲ್ಲ…"

"ಖಾಲಿ ಪರಿಸರದಾಗ ಓಡಸು. ನಿನ್ನ ಬುತ್ತಿ ಎಲ್ಲಾ ತೆಗದು."

"ಅದು ಅನುಮೋದಿತ ಪರೀಕ್ಷೆ ಅಲ್ಲ!" ಎಂದು ಪಂಚಾಕ್ಷರಿ ಎದ್ದ. "ಜಬೀನ್, ಕೈ ತೆಗಿ. ನೌಕರಿ ಬೇಕೋ ಬ್ಯಾಡೋ?"

ಜಬೀನ್ ಗೋಣಿಯೊಳಗಿನ ಹುಡುಗಿಯನ್ನು ನೋಡಿದಳು. ಆಮೇಲೆ ಅದೇ ಅಪ್ಪಣೆಯ ಮುಂದೆ ಇನ್ನೊಂದು ಪುಟ್ಟ ಅಪ್ಪಣೆ ಸೇರಿಸಿ ಒತ್ತಿದಳು.

ವಿನಾಯಿತಿ ಮನೆಗಳು: ಸೊನ್ನೆ.

ಸೂಗಮ್ಮನಿಗೆ ಓದಲು ಬರುವುದಿಲ್ಲ. ಅಂಕಿ ಮಾತ್ರ ಗೊತ್ತು. "ಹತ್ತು ದಿನ ತಂಪು ನಿಲ್ಲಿಸಿ ನನ್ನನ್ನ ಸುಳ್ಳುಬುರುಕಿ ಅಂದ್ರಿ," ಎಂದಳು. ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು.

ಪಂಚಾಕ್ಷರಿಗೆ ಈಗ ಅವಸರ ಬಂತು. ಜಬೀನಳನ್ನು ಸರಿಸಿ ತಾನೇ ಕೂತ. ಪಟ್ಟಿಯ ವಿಳಾಸವನ್ನು ಸ್ಕ್ರಿಪ್ಟಿನ ಮೊದಲ ಸಾಲಿಗೆ ಬರೆದ, ಖಾಲಿ ಪರಿಸರದಲ್ಲಿ ಓಡಿಸಿದ. ಮತ್ತೆ ಸೊನ್ನೆ. ಇನ್ನೊಮ್ಮೆ ಓಡಿಸಿದ. ಸೊನ್ನೆ. ಕತ್ತಿನ ಹಿಂದೆ ಬೆವರು ಮೂಡಿತು.

"ಎಕ್ಸ್‌ಪೋರ್ಟ್ ಬರೀಲಿಲ್ಲಲ್ರಿ ಸಾಹೇಬ್ರ," ಎಂದೆ. "ವಾಲ್ವ್ ಇಳಸೂದು ಈ ಸ್ಕ್ರಿಪ್ಟ್ ಅಲ್ಲ, ಇದು ಕರಿಯೂ ಇನ್ನೊಂದು. ನೀವು ಬುತ್ತಿ ಮಾಡಿ ಒಲಿ ಮ್ಯಾಲೇ ಇಟ್ಟೀರಿ. ಮಾನವ ಹಸ್ತಕ್ಷೇಪ ಇಲ್ಲಾಂತ ಬೋರ್ಡ್ ಹಾಕ್ಕೊಂಡೋರಿಗಿ ಇಷ್ಟೂ ಗೊತ್ತಿಲ್ಲೇನು?"

ಜಬೀನ್ ಅವನ ಭುಜದ ಮೇಲಿನಿಂದ ಕೈ ಚಾಚಿ ಆ ಒಂದು ಪದ ಬರೆದಳು. ಓಡಿಸಿದಳು. ಪರದೆಯಲ್ಲಿ ಸಂಖ್ಯೆ ಬಂತು: ನಲವತ್ತು.

"ನಲವತ್ತೊಂದು ಇರಬೇಕು," ಎಂದಳು ಭಾಗಿ.

ಪಂಚಾಕ್ಷರಿ ನಮೂನೆ ಎತ್ತಿ ತೋರಿಸಿದ. "ಮೂರನೇ ದೂರಿನ ಠಸ್ಸಿ ಬಿದ್ದದ. ಠಸ್ಸಿ ಯಂತ್ರಕ್ಕ ಜೋಡಿಸ್ಯದ, ಬಿದ್ದ ಕೂಡಲೇ ವ್ಯವಸ್ಥಾ ಹೆಸರು ತೆಗದುಬಿಡ್ತದ. ಅನುಮೋದಿತ ಪರೀಕ್ಷೆ ಹನ್ನೊಂದಕ್ಕ ಆಗ್ಯದ, ಆವಾಗ ದೋಷ ಕಂಡಿಲ್ಲ. ಮ್ಯಾಲ್ಮನವಿ ಕೊಡ್ರಿ. ತೊಂಬತ್ತು ದಿನದಾಗ ನೋಡ್ತಾರ."

ನನಗೆ ಎಪ್ಪತ್ತೆರಡು ವರ್ಷ. ಬೇಕಾದಷ್ಟು ಕಚೇರಿ ನೋಡಿದ್ದೇನೆ. ಆದರೆ ತಪ್ಪನ್ನು ಹುಡುಕಿ ಕೊಟ್ಟವರ ಮನೆಯನ್ನೇ ಬಿಟ್ಟು ಉಳಿದ ನಲವತ್ತಕ್ಕೆ ತಂಪು ಬಿಡುವ ಕಚೇರಿಯನ್ನು ನೋಡಿರಲಿಲ್ಲ. ನಾನು ಏನೇನು ಅಂದೆ ಎನ್ನುವುದನ್ನು ಇಲ್ಲಿ ಹೇಳುವುದು ಬೇಡ. ಬಾಗಿಲ ಬಳಿಯ ಕಾವಲುಗಾರ ಕಿವಿ ಮುಚ್ಚಿಕೊಂಡದ್ದು ನಿಜ.

ಭಾಗಿ ಒಂದೂ ಬೈಗುಳ ಆಡಲಿಲ್ಲ. ಒಂದು ಕುರ್ಚಿ ಎಳೆದು ಪರದೆಯ ಎದುರು ಹಾಕಿಕೊಂಡಳು, ಗೋಣಿ ಸಮೇತ ಕೂತಳು.

"ಹನ್ನೊಂದೂವರಿ ಆಯ್ತವಾ. ಹೊರಗ ನಡಿ," ಎಂದ ಪಂಚಾಕ್ಷರಿ.

"ಹೊರಗ ನಲವತ್ತೆಂಟು ಅದ್ರಿ. ಮನ್ಯಾಗ ಹನ್ನೆರಡಕ್ಕ ತಂಪಿಲ್ಲ ಅಂತ ಈಗ ನೀವೇ ಹೇಳಿದ್ರಿ. ಇಂಥಾಕಿನ್ನ ಹೊರಗ ಹಾಕೀವಿ ಅಂತ ಬರ್ದು, ಅದಕ್ಕೂ ಒಂದು ಠಸ್ಸಿ ಹೊಡದು ಕೊಡ್ರಿ. ಹೋಗ್ತೀನಿ."

ಅವನು ಕಾವಲುಗಾರನನ್ನು ನೋಡಿದ. ಕಾವಲುಗಾರ ಕಿಟಕಿಯಾಚೆ ನೋಡಿದ. ಸೂಗಮ್ಮ ಮಗಳ ಕಾಲ ಬಳಿ ನೆಲದ ಮೇಲೆ ಕೂತಳು. ನಾನು ನಿಂತೇ ಇದ್ದೆ, ಬೈಯಲು ನಿಂತರೇ ಅನುಕೂಲ.

ಹನ್ನೆರಡಾಯಿತು. ಸ್ಕ್ರಿಪ್ಟ್ ತಾನೇ ಹೊರಟಿತು. ಹತ್ತು ದಿನದ ಮೇಲೆ ಮೊದಲ ಬಾರಿಗೆ ನಲವತ್ತು ಮನೆಗಳ ವಾಲ್ವ್‌ಗಳು ತೆರೆದೇ ಉಳಿದವು. ಸ್ವಲ್ಪ ಹೊತ್ತಿಗೆ ಫೋನು ರಿಂಗಣಿಸತೊಡಗಿತು. ಮೊದಲನೆಯದು ಐದನೇ ವಾರ್ಡಿನ ಒಬ್ಬ ಹೆಂಗಸು. ಇವತ್ತು ತಂಪು ನಿಂತಿಲ್ಲ, ಏನಾದರೂ ತಪ್ಪಾಗಿದೆಯೇ ಎಂದು ಕೇಳುತ್ತಿದ್ದಳು. ಜಬೀನ್ ಫೋನು ಹಿಡಿದುಕೊಂಡು ಅತ್ತಳು.

ಒಂದು ಗಂಟೆಗೆ ಪಂಚಾಕ್ಷರಿ ಸೋತ. ಮೇಲಿನವರಿಗೆ ಫೋನು ಮಾಡಿದ, ತಗ್ಗಿದ ದನಿಯಲ್ಲಿ ಮಾತಾಡಿದ, ಹೊಸ ನಮೂನೆ ತೆಗೆದು ಬರೆದ. ಜಬೀನ್ ಹೆಸರು ಸೇರಿಸಿದಳು. ಪರದೆಯಲ್ಲಿ ನಲವತ್ತೊಂದು ಆಯಿತು. ಅವನು ಕಾಗದವನ್ನು ದಾನ ಕೊಡುವವನ ಹಾಗೆ ಭಾಗಿಯತ್ತ ಚಾಚಿದ.

ಅವಳು ಓದಿದಳು. ಗಟ್ಟಿಯಾಗಿ ಓದಿದಳು. "ಮೂರು ಸುಳ್ಳು ದೂರುಗಳ ಹೊರತಾಗಿಯೂ, ಮಾನವೀಯ ದೃಷ್ಟಿಯಿಂದ ವಿನಾಯಿತಿಯನ್ನು ಮುಂದುವರಿಸಲಾಗಿದೆ."

ಕಾಗದವನ್ನು ಮೇಜಿನ ಮೇಲೆ ವಾಪಸ್ ಇಟ್ಟಳು.

"ಕರುಣಾ ಬ್ಯಾಡ್ರಿ ನನಗ. ತಪ್ಪು ಯಾರದು ಅಂತ ಬರೀರಿ."

"ಆಪರೇಟರ್ ತಪ್ಪು ಅಂತ ಬರೀಲೇನು ಮತ್ತ?" ಎಂದ ಅವನು, ಜಬೀನಳನ್ನು ನೋಡುತ್ತಾ. "ತನ್ನ ಕಡತದಾಗ ಇಟ್ಕೊಂಡಾಕಿ ಆಕೀನೇ."

ಜಬೀನ್ ತಲೆ ತಗ್ಗಿಸಿದಳು. "ಇಟ್ಕೊಂಡಾಕಿ ನಾನೇ. ಬರೀರಿ ಸರ್."

"ಆಕಿ ಇಟ್ಕೊಂಡಾಗ ಆರು ವರ್ಷ ಒಂದಿನಾನೂ ತಂಪು ನಿಂತಿಲ್ಲ," ಎಂದಳು ಭಾಗಿ. "ಆಕೀನ್ನ ಒಂದು ಮಾತೂ ಕೇಳದೆ ಗಡಿಯಾರಕ್ಕ ಒಪ್ಪಿಸಿದೋರು ಯಾರು? ಹನ್ನೆರಡರ ಕೆಲಸಾನ ಹನ್ನೊಂದಕ್ಕ ಪರೀಕ್ಷಾ ಮಾಡಿದೋರು ಯಾರು? ಹತ್ತು ದಿನ ತಂಪು ನಿಲ್ಲಿಸಿ ನಮ್ಮವ್ವನ್ನ ಸುಳ್ಳುಬುರುಕಿ ಅಂದೋರು ಯಾರು? ಅದನ್ನ ಬರೀರಿ. ಮೂರು ದೂರೂ ಖರೆ ಅಂತ ಬರೀರಿ."

ಪಂಚಾಕ್ಷರಿ ಪೆನ್ನಿನ ಮುಚ್ಚಳ ತೆಗೆದ, ಹಾಕಿದ, ಮತ್ತೆ ತೆಗೆದ. ಗೋಡೆಯಾಚೆ ಊರು ಸುಡುತ್ತಿತ್ತು. ಭಾಗಿ ಗೋಣಿಯನ್ನು ಮೈಯಿಂದ ಬಿಡಿಸಿ, ಮಡಚಿ, ಪಕ್ಕಕ್ಕಿಟ್ಟು, ಕುರ್ಚಿಗೆ ಆರಾಮಾಗಿ ಒರಗಿದಳು.

"ಸಾವಕಾಶ ಬರೀರಿ. ನನಗೇನೂ ಅವಸರ ಇಲ್ಲ. ಇಲ್ಲಿ ತಂಪದ."